ದಾಕ್ಷಾಯಣಮ್ಮನವರ ಪಾಲಿನ ಡಬ್ಬಿ

ಏಕಾಂತಯ್ಯನವರ ಮನೆ ಪಾಲಾದದ್ದು ಒಂದೇ ಭಾನುವಾರದಲ್ಲಿ. ನಲವತ್ತು ವರ್ಷ ಕೂಡಿಸಿಟ್ಟದ್ದನ್ನು ಬೆಳಗಿನ ತಿಂಡಿಗೆ ಶುರುಮಾಡಿ ಸಂಜೆ ಕಾಫಿಯ ಹೊತ್ತಿಗೆ ಹಂಚಿ ಮುಗಿಸಿದರು. ಕಟ್ಟುವುದಕ್ಕೆ ಬೇಕಾದಷ್ಟು ಬುದ್ಧಿ ಒಡೆಯುವುದಕ್ಕೆ ಬೇಕಾಗುವುದಿಲ್ಲವಲ್ಲ. ಯಜಮಾನರು ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ಅವರಿದ್ದಿದ್ದರೆ ಈ ಮಾತು ಹೊಸ್ತಿಲು ದಾಟಿ ಒಳಗೆ ಬರುತ್ತಿರಲಿಲ್ಲ ಎಂದು ದಾಕ್ಷಾಯಣಮ್ಮನವರು ಅಡುಗೆಮನೆಯ ಬಾಗಿಲಲ್ಲಿ ಕೂತು ನೂರು ಸಲ ಅಂದುಕೊಂಡರು.

ಜಗಳಕ್ಕೆ ಕಾರಣವೂ ಘನವಾದದ್ದೇನಲ್ಲ. ಮಂಡಿ ಮೊಹಲ್ಲಾದ ಮನೆಯ ಕೆಳಗೇ ಗೋಣಿಚೀಲದ ಸಗಟು ಅಂಗಡಿ. ಕಿರಿಯ ಮಗ ಶಿವಕಿರಣ ಪ್ಲಾಸ್ಟಿಕ್ ಚೀಲವನ್ನೂ ತರಿಸೋಣ, ಕಾಲ ಬದಲಾಗಿದೆ ಎಂದ. ಹಿರಿಯ ಮಗ ವಿಶ್ವನಾಥ, ಅಪ್ಪ ಮುಟ್ಟದ ಮಾಲು ಈ ಅಂಗಡಿಗೆ ಬರಕೂಡದು ಎಂದ. ಚೀಲದ ಮಾತು ಹಣದ ಮಾತಾಯಿತು, ಹಣದ ಮಾತು ಹೆಂಡಂದಿರ ಮಾತಾಯಿತು. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎಂದು ಹಿಂದಿನವರು ಸುಮ್ಮನೆ ಹೇಳಲಿಲ್ಲ. ಕೊನೆಗೆ ಮನೆ, ಅಂಗಡಿ ಹಿರಿಯನಿಗೆ. ಬ್ಯಾಂಕಿನ ದುಡ್ಡು, ಫ್ರಿಜ್ಜು, ಸ್ಕೂಟರು ಕಿರಿಯನಿಗೆ ಎಂದಾಯಿತು. ಕಿರಿಯ ಆಗಲೇ ಶ್ರೀರಾಂಪುರದಲ್ಲಿ ಬಾಡಿಗೆ ಮನೆ ನೋಡಿಟ್ಟಿದ್ದ. ತಾಯಿ ತಿಂಗಳಿಗೊಂದು ಮನೆಯಲ್ಲಿ, ಒಂದನೇ ತಾರೀಖು ಬದಲಿ.

ಎಲ್ಲ ಮುಗಿದ ಮೇಲೆ ಉಳಿದದ್ದು ಕಂಪ್ಯೂಟರು. ಅದು ವಿಶ್ವನಾಥನ ಮಗಳು ರಕ್ಷಿತಾಳ ಓದಿಗೆ ಬೇಕು ಎಂದು ಒಪ್ಪಿಕೊಂಡರು. ಆದರೆ ಅದರೊಳಗಿನ ಫೋಟೋಗಳು? ಏಕಾಂತಯ್ಯನವರಿಗೆ ಕೊನೆಗಾಲದಲ್ಲಿ ಕ್ಯಾಮೆರಾದ ಹುಚ್ಚು ಹತ್ತಿತ್ತು. ಪೂಜೆ ಮುಗಿದು ಎಲ್ಲರೂ ಊಟಕ್ಕೆ ಸಾಲಾಗಿ ಕೂತರೆ, "ಯಾರೂ ಕೈ ಹಾಕ್ಬೇಡಿ, ಮೊದಲು ಫೋಟೋ" ಎನ್ನುತ್ತಿದ್ದರು. ಸಾರು ಆರಿಹೋಗುತ್ತಿತ್ತು.

ರಕ್ಷಿತಾ ಕಂಪ್ಯೂಟರಿನ ಮುಂದೆ ಕೂತಳು, ಎಡಕ್ಕೆ ಅಪ್ಪ, ಬಲಕ್ಕೆ ಚಿಕ್ಕಪ್ಪ. "ಅಪ್ಪ, ಇದನ್ನ ಪಾಲು ಮಾಡೋದೇ ಬೇಕಾಗಿಲ್ಲ. ಇಬ್ಬರಿಗೂ ಪೂರ್ತಿ ಕಾಪಿ ಮಾಡಿಕೊಡ್ತೀನಿ. ಒಂದೂ ಕಮ್ಮಿ ಆಗಲ್ಲ" ಅಂದಳು.

"ಪಾಲು ಅಂದ್ಮೇಲೆ ಪಾಲು" ಅಂದ ವಿಶ್ವನಾಥ. "ಅವನ ಮನೆಯವರ ಮುಖ ನಮ್ಮನೇಲಿ ಯಾಕಿರಬೇಕು?"

"ನಮಗೂ ಬೇಡ ಕಣಮ್ಮ" ಅಂದ ಶಿವಕಿರಣ. "ನಿಮ್ದು ನೀವಿಟ್ಕೊಳ್ಳಿ. ನಮ್ದು ಸಿ.ಡಿ.ಗೆ ಹಾಕ್ಕೊಟ್ಟು ಇಲ್ಲಿಂದ ಅಳಿಸ್ಬುಡು."

ಹಂಚಿದರೂ ಕಮ್ಮಿಯಾಗದ ಪದಾರ್ಥ ಆ ಮನೆಯಲ್ಲಿದ್ದದ್ದು ಅದೊಂದೇ. ಅದನ್ನೂ ಪಾತ್ರೆಪಗಡದ ಹಾಗೆ ಹಂಚಿದರು. ಇದು ನಿಂದು, ಇದು ನಂದು ಎಂದು ಎರಡು ಗಂಟೆ ಹೊತ್ತು ನಡೆಯಿತು. ಕೊನೆಗೆ, ಎಲ್ಲರೂ ಒಟ್ಟಿಗೆ ಇದ್ದ ಫೋಟೋಗಳು ಸಾವಿರದ ಎಂಟುನೂರು, ಮದುವೆ ನಾಮಕರಣಗಳ ವಿಡಿಯೋ ಬೇರೆ, ಯಾರ ಲೆಕ್ಕಕ್ಕೂ ಸೇರದೆ ಉಳಿದವು. ನೀನಿಟ್ಟುಕೋ ಎಂದರೆ ಸೋತಂತೆ, ನನಗೆ ಕೊಡು ಎಂದರೂ ಸೋತಂತೆ. ಪಂಚಾಯಿತಿಗೆ ಬಂದಿದ್ದ ಹಿರಿಯರು ಶಿವಮಲ್ಲಪ್ಪನವರಿಗೆ ಬಸ್ಸಿನ ಹೊತ್ತಾಗುತ್ತಿತ್ತು. "ಅಳಿಸಾಕ್ಬುಡಿ ಅತ್ಲಾಗೆ. ಜಗಳದ ಮೂಲಾನೇ ಇರಾಕಿಲ್ಲ" ಅಂದರು.

ಆಗ ದಾಕ್ಷಾಯಣಮ್ಮನವರು ಬೆಳಗಿನಿಂದ ಮೊದಲ ಸಲ ಬಾಯಿಬಿಟ್ಟರು.

"ನನಗೇನು ಪಾಲು ಅಂತ ಯಾರಾದ್ರೂ ಕೇಳಿದ್ರಾ?"

ಶಿವಮಲ್ಲಪ್ಪನವರು ಬಸ್ಸಿಗೆಂದು ಎತ್ತಿಕೊಂಡಿದ್ದ ಚೀಲ ಕೆಳಗಿಟ್ಟರು.

"ತಟ್ಟೆ ಲೋಟ ನಂಗೆ ಬೇಡ. ಅದರೊಳಗೆ ನೀವೆಲ್ಲ ಒಟ್ಟಿಗೆ ಕೂತಿದ್ದೀರಲ್ಲ, ಅದು ನನ್ನ ಪಾಲು. ರಕ್ಷಿತಾ, ಅದನ್ನ ನಾನು ಹೋದ ಕಡೆ ಎತ್ಕೊಂಡು ಹೋಗೋ ಹಂಗೆ ಮಾಡಿಕೊಡು."

ಮರುದಿನವೇ ಅಜ್ಜಿ ಮೊಮ್ಮಗಳು ಕಂಪ್ಯೂಟರು ಮಾರುವ ಅಂಗಡಿಗೆ ಹೋದರು. ಸಿ.ಡಿ.ಗೆ ಬರೆದರೆ ಗೀರು ಬೀಳುತ್ತದೆ, ಪೆನ್ ಡ್ರೈವಿಗೆ ಇಷ್ಟೊಂದು ಹಿಡಿಸುವುದಿಲ್ಲ, ಹೊರಗಿನಿಂದ ಜೋಡಿಸುವ ಹಾರ್ಡ್ ಡಿಸ್ಕೇ ಆಗಬೇಕು ಎಂದು ರಕ್ಷಿತಾ ದಾರಿಯುದ್ದಕ್ಕೂ ವಿವರಿಸಿದ್ದಳು. ಅಜ್ಜಿಗೆ ಅರ್ಥವಾದದ್ದು ಅದೊಂದು ಡಬ್ಬಿ ಎಂಬುದಷ್ಟೆ.

ಅಂಗಡಿಯವನು ಮೂರು ಡಬ್ಬಿ ತಂದಿಟ್ಟ. ಒಂದು ದಪ್ಪ ಪುಸ್ತಕದಷ್ಟಿತ್ತು. "ಐನೂರು ಜಿಬಿ ಅಜ್ಜಿ. ಎಲ್ಲಕ್ಕಿಂತ ಜಾಸ್ತಿ ಹಿಡಿಯುತ್ತೆ. ಆದ್ರೆ ಇದಕ್ಕೆ ಬೇರೆ ಪ್ಲಗ್ಗು ಬೇಕು."

ದಾಕ್ಷಾಯಣಮ್ಮನವರು ಅದನ್ನು ಎತ್ತಿ ನೋಡಿ ಕೆಳಗಿಟ್ಟರು. "ಇದು ಒಂದು ಕಡೆ ಕೂರೋವಂಥದ್ದು. ನಾನು ಅಲ್ಲಿಂದಿಲ್ಲಿಗೆ ಓಡಾಡೋಳು. ಕರೆಂಟಿನ ಹಂಗಿಲ್ಲದ್ದು ಕೊಡಪ್ಪ."

"ಹಂಗಾದ್ರೆ ಇವೆರಡೂ ಕಂಪ್ಯೂಟರಿಂದಾನೇ ಕರೆಂಟ್ ತಗೊಳ್ಳುತ್ವೆ. ಒಂದೇ ವೈರು. ಇದು ನೂರ ಅರವತ್ತು, ಇದು ಮುನ್ನೂರ ಇಪ್ಪತ್ತು. ನಿಮಗೆಷ್ಟು ಬೇಕು?"

"ಒಂದು ಮನೆ ಹಿಡಿಸಬೇಕು."

ಅಂಗಡಿಯವನು ನಕ್ಕು ರಕ್ಷಿತಾಳ ಮುಖ ನೋಡಿದ. ಅವಳು, ಇರುವುದು ನಲವತ್ತು ಜಿಬಿ ಎಂದಳು. "ಹಂಗಾದ್ರೆ ನೂರ ಅರವತ್ತು ಧಾರಾಳ" ಅಂದ.

"ಬಿದ್ರೆ?"

"ಬೀಳಿಸ್ಲೇಬಾರದು ಅಜ್ಜಿ. ಮೂರು ವರ್ಷದೊಳಗೆ ಕೆಟ್ರೆ ಹೊಸಾದು ಕೊಡ್ತಾರೆ."

"ಒಳಗಿರೋದು?"

"ಒಳಗಿರೋದಕ್ಕೆ ಗ್ಯಾರಂಟಿ ಇಲ್ಲ. ಅದಕ್ಕೇ ಎಲ್ರೂ ಇನ್ನೊಂದು ಕಾಪಿ ಇಟ್ಕೋತಾರೆ."

ದಾಕ್ಷಾಯಣಮ್ಮನವರು ಸ್ವಲ್ಪ ಹೊತ್ತು ಎರಡೂ ಡಬ್ಬಿಗಳನ್ನು ಎರಡು ಅಂಗೈಯಲ್ಲಿಟ್ಟುಕೊಂಡು ಕೂತರು. ತೂಕ ಒಂದೇ. "ದೊಡ್ಡದೇ ಕೊಡು" ಅಂದರು.

"ಅಜ್ಜಿ, ಸುಮ್ನೆ ಯಾಕೆ? ಚಿಕ್ಕದ್ರಲ್ಲೇ ಮುಕ್ಕಾಲು ಭಾಗ ಖಾಲಿ ಉಳಿಯುತ್ತೆ."

"ಮುಂದೆ ತೆಗೆಯೋ ಫೋಟೋಗಳಿಗೆ ಜಾಗ ಬೇಡ್ವೇನೇ?"

ಎಲ್ಲರೂ ಒಟ್ಟಿಗಿರುವ ಫೋಟೋ ಇನ್ನು ಮುಂದೆ ಎಲ್ಲಿಂದ ಬರಬೇಕು ಎಂದು ಕೇಳಲು ರಕ್ಷಿತಾಳಿಗೆ ನಾಲಿಗೆ ಏಳಲಿಲ್ಲ. ಅಜ್ಜಿ ತಮ್ಮ ಕೈಚೀಲದಿಂದ ತವರಿನವರು ಕೊಟ್ಟಿದ್ದ ದುಡ್ಡು ತೆಗೆದು ದೊಡ್ಡದನ್ನೇ ಕೊಂಡರು.

ಮನೆಗೆ ಬಂದ ಮೇಲೆ ರಕ್ಷಿತಾ ಎಲ್ಲವನ್ನೂ ಡಬ್ಬಿಗೆ ತುಂಬಿ ಕಂಪ್ಯೂಟರಿನಿಂದ ಅಳಿಸಿದಳು. ಅಜ್ಜಿ ಹಳೆಯ ರವಿಕೆಯ ಬಟ್ಟೆಗೆ ಹತ್ತಿ ತುಂಬಿ ಅದಕ್ಕೊಂದು ಚೀಲ ಹೊಲಿದರು. ಲಿಂಗಧಾರಣೆಯಾದ ದಿನದಿಂದ ಅವರ ಕೊರಳಲ್ಲಿ ಇಷ್ಟಲಿಂಗದ ಬೆಳ್ಳಿ ಕರಡಿಗೆ ಇದೆ. ಹಿರಿಯ ಸೊಸೆ ಗೌರಾಂಬಿಕೆ ಅದನ್ನು ತೋರಿಸಿ, "ಅತ್ತೆಗೆ ಈಗ ಎರಡು ಕರಡಿಗೆ. ಒಂದು ಕೊರಳಲ್ಲಿ, ಒಂದು ಕೈಯಲ್ಲಿ" ಎಂದು ಹಾಸ್ಯಮಾಡಿದಳು.

"ಮಾಡಮ್ಮ, ಮಾಡು ಹಾಸ್ಯ" ಅಂದರು ದಾಕ್ಷಾಯಣಮ್ಮನವರು. ಮಕ್ಕಳಿಬ್ಬರೂ ಇದ್ದಾಗಲೇ ಕಟ್ಟಳೆಯನ್ನೂ ಹೇಳಿದರು. "ಇದನ್ನ ಯಾರೂ ಕಾಪಿಗೀಪಿ ಮಾಡ್ಕೋಬಾರದು. ಅಳಿಸಾಕಿ ಅಂದಾಗ ಸುಮ್ನಿದ್ದೋರು ನೀವು. ನೋಡ್ಬೇಕು ಅನ್ನಿಸಿದ್ರೆ ನಾನು ಯಾವ ಮನೇಲಿರ್ತೀನೋ ಆ ಮನೆಗೆ ಬಂದು ನೋಡಿ."

ಅವರ ಮನಸ್ಸಿನ ಲೆಕ್ಕ ಸುಲಭವಾಗಿತ್ತು. ಫೋಟೋ ನೋಡುವ ಆಸೆಗಾದರೂ ಒಬ್ಬ ಇನ್ನೊಬ್ಬನ ಬಾಗಿಲಿಗೆ ಬರುತ್ತಾನೆ. ಬಂದವನನ್ನು ಉಪವಾಸ ಕಳಿಸುವುದುಂಟೆ? ಸಾಯುವುದರೊಳಗೆ ಇಬ್ಬರೂ ಒಂದು ಹೊತ್ತು ಅಕ್ಕಪಕ್ಕ ಕೂತು ಉಣ್ಣುವುದನ್ನು ನೋಡಬೇಕು, ಇಷ್ಟೇ ಅವರಿಗೆ ಬೇಕಾಗಿದ್ದದ್ದು. ಬೇರೆ ಯಾವ ದೊಡ್ಡ ಆಸೆಯೂ ಅವರಿಗೆ ಉಳಿದಿರಲಿಲ್ಲ.

ಮೇ ತಿಂಗಳು ಶ್ರೀರಾಂಪುರದ ಪಾಳಿ. ಹೊಸ ಬಡಾವಣೆ, ಸುತ್ತಲೂ ಅರ್ಧ ಕಟ್ಟಿದ ಮನೆಗಳು, ದಿನವಿಡೀ ಸಿಮೆಂಟಿನ ಧೂಳು. ಕಿರಿಯ ಸೊಸೆ ಮಧುಶ್ರೀ ಅತ್ತೆಯನ್ನು ಚೆನ್ನಾಗಿಯೇ ನೋಡಿಕೊಂಡಳು. ರಾತ್ರಿ ಚಪಾತಿ ಅಗಿಯಲಾಗುವುದಿಲ್ಲವೆಂದು ಅವರೊಬ್ಬರಿಗೇ ಮುದ್ದೆ ತಿರುವುತ್ತಿದ್ದಳು. ಶಿವಕಿರಣ ಚೀಲದ ಏಜೆನ್ಸಿಗೆಂದು ಒಂದು ಕಂಪ್ಯೂಟರು ತಂದಿದ್ದ. ಬಂದ ಮಾರನೆಯ ದಿನ ಡಬ್ಬಿಯನ್ನು ಅದಕ್ಕೆ ಜೋಡಿಸಿಕೊಟ್ಟ. ಅಪ್ಪನ ಅರವತ್ತು ತುಂಬಿದ ದಿನದ ಪಂಕ್ತಿಯ ಫೋಟೋ ಬಂತು. ಹೋಳಿಗೆ ಬಡಿಸಿದ ತಟ್ಟೆಗಳು, ಎಲ್ಲರೂ ನಗುತ್ತಿದ್ದಾರೆ. ಶಿವಕಿರಣ ಕುರ್ಚಿಯ ಹಿಂದೆ ಬಹಳ ಹೊತ್ತು ನಿಂತಿದ್ದ.

"ಅಮ್ಮ, ಒಂದು ಕಾಪಿ ಇಲ್ಲೂ ಇರಲಿ. ನಿನ್ನ ಕೈಜಾರಿ ಬಿದ್ರೆ ಎಲ್ಲಾ ಹೋಗುತ್ತೆ."

"ಬೀಳಿಸಲ್ಲ. ನಿಮ್ಮಿಬ್ಬರನ್ನ ಎತ್ತಿ ಆಡಿಸಿದ ಕೈ ಇದು, ಬೀಳಿಸಿದ್ನಾ?"

ಅವನು ಮುಂದಿನ ಫೋಟೋ ತಂದ. ಆಮೇಲೆ ಆ ಮಾತೆತ್ತಲಿಲ್ಲ.

ಪ್ರತಿ ಶನಿವಾರ ದಾಕ್ಷಾಯಣಮ್ಮನವರು ಹಿರಿಯನಿಗೆ ಫೋನು ಮಾಡಿದರು. "ವಿಶ್ವ, ನಾಳೆ ರಜ ಅಲ್ವೇನೋ. ಬಾರೋ, ಫೋಟೋ ನೋಡೋವಂತೆ. ಮಧು ಒತ್ತುಶಾವಿಗೆ ಮಾಡ್ತೀನಿ ಅಂದವ್ಳೆ."

"ಶಾವಿಗೆ ನಮ್ಮನೇಲೂ ಮಾಡ್ತಾರಮ್ಮ. ಫೋಟೋ ನೋಡ್ಕೊಂಡು ಕೂರೋಕೆ ಪುರಸೊತ್ತೆಲ್ಲಿದೆ?"

ನಾಲ್ಕು ಭಾನುವಾರವೂ ಒಂದು ತಟ್ಟೆಯಷ್ಟು ಅಡುಗೆ ಉಳಿಯಿತು. ಸೋಮವಾರ ಬೆಳಿಗ್ಗೆ ದಾಕ್ಷಾಯಣಮ್ಮನವರೇ ಅದನ್ನು ಬಿಸಿಮಾಡಿಕೊಂಡು ಉಂಡರು. ಅನ್ನ ಚೆಲ್ಲುವ ಪದ್ಧತಿ ಅವರ ಮನೆಯಲ್ಲಿಲ್ಲ.

ಜೂನ್ ಒಂದಕ್ಕೆ ಮಂಡಿ ಮೊಹಲ್ಲಾಕ್ಕೆ ಬಂದರು. ಎರಡನೇ ಭಾನುವಾರ ಮಧ್ಯಾಹ್ನ, ಗೌರಾಂಬಿಕೆ ಹುರುಳಿಕಾಳಿನ ಬಸ್ಸಾರಿಗೆ ಒಗ್ಗರಣೆ ಹಾಕುತ್ತಿದ್ದಾಗ, ಮೆಟ್ಟಿಲ ಮೇಲೆ ಶಿವಕಿರಣ ಬಂದು ನಿಂತ. ಚಪ್ಪಲಿ ಬಿಡುವುದೋ ಬೇಡವೋ ಎಂದು ಅನುಮಾನಿಸಿದ. ತಾನು ಹುಟ್ಟಿದ ಮನೆಯ ಬಾಗಿಲಲ್ಲಿ!

"ಫೋಟೋ ನೋಡಬೇಕಿತ್ತು" ಅಂದ.

ದಾಕ್ಷಾಯಣಮ್ಮನವರು ಎದ್ದೇ ಬಂದರು. "ಬಾರೋ ಒಳಗೆ. ಮೊದಲು ಊಟ ಮಾಡು."

"ಊಟ ಆಗಿದೆ."

ವಿಶ್ವನಾಥ ತಮ್ಮನ ಮುಖ ನೋಡದೆ ಅಂಗಿ ಹಾಕಿಕೊಂಡು ಕೆಳಗಿಳಿದುಹೋದ. ಭಾನುವಾರ ಬಾಗಿಲು ಹಾಕಿದ ಅಂಗಡಿಯಲ್ಲಿ ಕೂತು ಅದ್ಯಾವ ವ್ಯಾಪಾರ ಮಾಡುತ್ತಿದ್ದನೋ ಶಿವನೇ ಬಲ್ಲ. ತಮ್ಮ ಅರ್ಧ ಗಂಟೆ ಕಂಪ್ಯೂಟರಿನ ಮುಂದಿದ್ದು, ಒಂದು ಲೋಟ ನೀರನ್ನೂ ಮುಟ್ಟದೆ ಹೋದ. ಅವನ ಸ್ಕೂಟರಿನ ಸದ್ದು ಅಡಗಿದ ಮೇಲೆ ಅಣ್ಣ ಮೇಲೆ ಬಂದು, ಆರಿದ ಮುದ್ದೆ ಉಂಡ.

ಮುಂದಿನ ವಾರವೂ ಹಾಗೇ ಆಯಿತು. "ಸಿನಿಮಾ ಟೆಂಟು ಮಾಡ್ಕೊಂಡವ್ರೆ ನಮ್ಮನೇನ" ಎಂದು ಗೌರಾಂಬಿಕೆ ಗೊಣಗಿದಳು. ಆದರೂ ಅಕ್ಕಿ ಮಾತ್ರ ಒಂದು ಹಿಡಿ ಹೆಚ್ಚಿಗೇ ಹಾಕಿದ್ದಳು.

ಅದರ ಮುಂದಿನ ಭಾನುವಾರ ವಿಶ್ವನಾಥನಿಗೆ ತಡೆಯಲಾಗಲಿಲ್ಲ. ಅಂಗಿಯ ಗುಂಡಿ ಹಾಕುತ್ತಿದ್ದವನು ಅರ್ಧಕ್ಕೇ ನಿಲ್ಲಿಸಿ ತಿರುಗಿದ.

"ಏನಪ್ಪ, ಇದು ಪ್ರತಿ ವಾರದ ಕಥೆ ಆಯ್ತಲ್ಲ! ನಮ್ಮ ಮನೇಲಿ ನಾವು ನೆಮ್ಮದಿಯಾಗಿ ಉಣ್ಣೋ ಹಂಗಿಲ್ವಾ?"

"ನಾನು ನಿನ್ನ ನೋಡೋಕೆ ಬಂದಿಲ್ಲ. ಅಮ್ಮನ ಪಾಲಿನ ಫೋಟೋ ನೋಡೋಕೆ ಬಂದಿದ್ದೀನಿ."

"ಅಷ್ಟು ಆಸೆ ಇದ್ರೆ ಕಾಪಿ ಮಾಡ್ಕೊಂಡು ಹೋಗು. ನಿನ್ನ ಮನೇಲಿ ಕೂತು ಹಗಲೂ ರಾತ್ರಿ ನೋಡು. ಅಮ್ಮ, ಕೊಟ್ಬಿಡು ಅತ್ಲಾಗೆ. ಸಾಕು ನಿನ್ನ ಕಟ್ಟಳೆ!"

ದಾಕ್ಷಾಯಣಮ್ಮನವರು ಡಬ್ಬಿಯ ಮೇಲೆ ಕೈಯಿಟ್ಟರು. ಕೊಟ್ಟರೆ ಕಿರಿಯ ಮತ್ತೆ ಬರುವುದಿಲ್ಲ. ಕೊಡದಿದ್ದರೆ ಹಿರಿಯ ಅವನನ್ನು ಮೆಟ್ಟಿಲು ಹತ್ತಗೊಡುವುದಿಲ್ಲ.

"ಬೇಡ" ಅಂದವನು ಶಿವಕಿರಣನೇ. "ಅಮ್ಮ ಬೇಡ ಅಂದಿರೋದನ್ನ ನಾನು ಮಾಡಲ್ಲ. ಇಲ್ಲೇ ನೋಡ್ತೀನಿ."

ವಿಶ್ವನಾಥ ಬಾಗಿಲು ದಡಾರನೆ ಎಳೆದುಕೊಂಡು ಕೆಳಗೆ ಹೋದ. ದಾಕ್ಷಾಯಣಮ್ಮನವರು ಅಡುಗೆಮನೆಗೆ ಬಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಹಿಂದೆಯೇ ರಕ್ಷಿತಾ ಬಂದಳು. ಅಡುಗೆಮನೆಯ ಬಾಗಿಲು ಮುಂದೆಮಾಡಿದಳು.

"ಏನೇ?"

"ಅಜ್ಜಿ, ಬೈಯಬಾರದು. ಚಿಕ್ಕಪ್ಪ ಸುಳ್ಳು ಹೇಳ್ತಾ ಇದ್ದಾರೆ. ಮೇ ತಿಂಗಳಲ್ಲೇ, ನೀವು ಮಧ್ಯಾಹ್ನ ಮಲಗಿದ್ದಾಗ, ಎಲ್ಲಾನೂ ಕಾಪಿ ಮಾಡ್ಕೊಂಡಿದ್ದಾರೆ. ಚಿಕ್ಕಮ್ಮ ನನಗೆ ಫೋನಲ್ಲಿ ಹೇಳಿದ್ರು. ನೀವು ಇಲ್ಲಿಗೆ ಬಂದ ಮೇಲೆ ದಿನಾ ಸಂಜೆ ಅದನ್ನೇ ಹಾಕ್ಕೊಂಡು ಕೂತಿರ್ತಾರಂತೆ."

ದಾಕ್ಷಾಯಣಮ್ಮನವರಿಗೆ ಮೊದಲು ಸಿಟ್ಟು ಬಂತು. ತಾಯಿಯ ಮಾತಿಗೆ ಮೂರು ಕಾಸಿನ ಬೆಲೆಯಿಲ್ಲ! ಸಟ್ಟುಗ ಹಿಡಿದೇ ನಡುಮನೆಯ ಬಾಗಿಲವರೆಗೆ ಬಂದರು. ಅಲ್ಲಿ ಮಗ ಕಂಪ್ಯೂಟರಿನ ಮುಂದೆ ಕೂತಿದ್ದ. ಆದರೆ ನೋಡುತ್ತಿದ್ದದ್ದು ಅದನ್ನಲ್ಲ. ಅಣ್ಣ ಎಳೆದುಕೊಂಡು ಹೋದ ಬಾಗಿಲನ್ನು ನೋಡುತ್ತಿದ್ದ.

ಮನೆಯಲ್ಲೇ ಇರುವುದನ್ನು ನೋಡಲು ಯಾರೂ ಸ್ಕೂಟರು ಹತ್ತಿ ಊರ ಆ ಕಡೆಯಿಂದ ಈ ಕಡೆಗೆ ಬರುವುದಿಲ್ಲ ಎಂಬುದು ಅವರಿಗೆ ಆಗ ಹೊಳೆಯಿತು. ಕಾಪಿ ಮಾಡಿಕೊಂಡು ದಿನಾ ನೋಡಿದವನು ಬಂದ. ಒಂದನ್ನೂ ನೋಡದವನು ಬರಲಿಲ್ಲ. ತಾವು ಬೀಗ ಹಾಕಿ ಕೂತದ್ದೇ ತಪ್ಪಾಗಿತ್ತು.

ಒಳಗೆ ಹೋಗಿ ತಟ್ಟೆಗೆ ಮುದ್ದೆ, ಬಸ್ಸಾರು ಬಡಿಸಿಕೊಂಡು ಬಂದರು. ಊಟ ಆಗಿದೆ ಎಂದು ಅವನು ಹೇಳುವ ಮೊದಲೇ ಕೈಗೆ ಕೊಟ್ಟರು. "ನಿಧಾನಕ್ಕೆ ನೋಡು. ಇನ್ನೂ ಬಹಳ ಇವೆ."

ಶಿವಕಿರಣ ತಲೆ ತಗ್ಗಿಸಿ ಉಂಡ. ಹಸಿದಿದ್ದ. ಎರಡನೇ ಸಲ ಸಾರು ಹಾಕಿಸಿಕೊಂಡ. ಕೆಳಗೆ ಇನ್ನೊಬ್ಬ ಹಸಿದು ಕೂತಿದ್ದಾನೆ ಎಂದು ದಾಕ್ಷಾಯಣಮ್ಮನವರ ಅರ್ಧ ಜೀವ ಮೆಟ್ಟಿಲ ಮೇಲೇ ಇತ್ತು.

ಜುಲೈ ಒಂದಕ್ಕೆ ಹೊರಡುವಾಗ ಮೊಮ್ಮಗಳನ್ನು ಪಕ್ಕಕ್ಕೆ ಕರೆದರು. "ಡಬ್ಬೀನ ಇಲ್ಲೇ ಬಿಟ್ಟು ಹೋಗ್ತೀನಿ. ಅಜ್ಜಿ ಮರೆತುಬಿಟ್ರು ಅನ್ನು."

"ಅಪ್ಪ ಅದರ ಕಡೆ ತಿರುಗೂ ನೋಡಲ್ಲ ಅಜ್ಜಿ."

"ನೋಡೋ ಹಂಗೆ ಇಡು. ಇಷ್ಟು ಓದಿದ್ದೀಯ, ಅಷ್ಟೂ ಬರಲ್ವಾ? ಇನ್ನೊಂದು. ಕಿರಣನ ಗುಟ್ಟು ನಂಗೆ ಗೊತ್ತಾಗಿದೆ ಅಂತ ಯಾರಿಗೂ ಹೇಳ್ಬೇಡ."

ಶ್ರೀರಾಂಪುರದ ಬಸ್ಸಿನಲ್ಲಿ ಅವರ ಕೈ ನಾಲ್ಕು ಸಲ ಚೀಲದೊಳಗೆ ಹೋಗಿ, ಬರೀ ಹತ್ತಿ ತುಂಬಿದ ಬಟ್ಟೆಯನ್ನು ಮುಟ್ಟಿ ಬಂತು. ನಲವತ್ತು ವರ್ಷದ ಸಂಸಾರವನ್ನು ಯಾರದೋ ಮೇಜಿನ ಮೇಲೆ ಬಿಟ್ಟುಬಂದೆನಲ್ಲ ಎಂದುಕೊಂಡರು. ಬಿದ್ದು ಹೋದರೆ? ಅವನು ಸಿಟ್ಟಿನಲ್ಲಿ ಎತ್ತಿ ಎಸೆದರೆ? ಬುಧವಾರ ಫೋನು ಬರಲಿಲ್ಲ. ಗುರುವಾರವೂ ಬರಲಿಲ್ಲ. ಮಧುಶ್ರೀ ಉಪ್ಪಿಟ್ಟು ಕೊಟ್ಟರೆ ಅರ್ಧ ತಿಂದು, ಉಳಿದದ್ದನ್ನು ಬಲವಂತದಿಂದ ನುಂಗಿದರು.

ಶುಕ್ರವಾರ ಸಂಜೆ, ಶಿವಕಿರಣ ಆಗತಾನೆ ಬಂದು ಕಾಫಿ ಹಿಡಿದಿದ್ದಾಗ, ಫೋನು ಬಡಿಯಿತು.

"ಅಮ್ಮ, ನಿನ್ನ ಡಬ್ಬಿ ಇಲ್ಲೇ ಬಿಟ್ಟು ಹೋಗಿದ್ದೀಯಲ್ಲ." ವಿಶ್ವನಾಥನ ದನಿ.

"ಹೌದಾ? ವಯಸ್ಸಾಯ್ತಲ್ಲಪ್ಪ, ಜ್ಞಾಪಕ ಇರಲ್ಲ."

"ರಕ್ಷಿತಾ ಕೈಲಿ ಕಳಿಸೋಣ ಅಂದ್ರೆ ಅವಳಿಗೆ ಪರೀಕ್ಷೆಯಂತೆ."

"ಓದ್ಕೊಳ್ಳಲಿ ಬಿಡು, ಪಾಪ."

ಆ ಕಡೆಯಿಂದ ಕುರ್ಚಿ ಎಳೆದ ಸದ್ದು ಬಂತು. ಇಟ್ಟುಬಿಟ್ಟನೇನೋ ಎಂದು ಅವರು ರಿಸೀವರನ್ನು ಕಿವಿಗೆ ಒತ್ತಿಕೊಂಡರು.

"ಅಮ್ಮ, ಅಪ್ಪಂಗೆ ಅರವತ್ತಾದಾಗಿನ ಪಂಕ್ತಿ ಫೋಟೋ ಇದೆಯಲ್ಲ. ಅದ್ರಲ್ಲಿ ನಾನು ಈ ಕಡೆ ತಿರುಗಿದ್ದೀನಿ. ಇವನು ನನ್ನ ತಟ್ಟೆಯಿಂದ ಹೋಳಿಗೆ ಕದೀತಾ ಇದ್ದಾನೆ. ನೋಡಿದ್ದೀಯಾ?"

"ನೋಡಿದ್ದೀನಿ ಕಣೋ."

"ಅವತ್ತು ನಂಗೆ ಒಂದು ಹೋಳಿಗೆ ಕಮ್ಮಿ ಬಂತು ಅಂತ ಗೌರಂಗೆ ಬೈದಿದ್ದೆ." ನಕ್ಕನೋ, ಮೂಗೊರೆಸಿಕೊಂಡನೋ ತಿಳಿಯಲಿಲ್ಲ. "ಭಾನುವಾರ ತಂದುಕೊಡ್ತೀನಿ. ಅವನ ಮನೆ ಯಾವ ಕ್ರಾಸಲ್ಲಿದೆ?"

ದಾಕ್ಷಾಯಣಮ್ಮನವರಿಗೆ ಚೆನ್ನಾಗಿ ಗೊತ್ತಿದ್ದ ವಿಳಾಸ ಬಾಯಿಗೆ ಬರಲಿಲ್ಲ. "ನಿಮ್ಮಣ್ಣ. ವಿಳಾಸ ಬೇಕಂತೆ" ಎಂದಷ್ಟೇ ಹೇಳಿ ರಿಸೀವರನ್ನು ಶಿವಕಿರಣನ ಕಡೆ ಚಾಚಿದರು.

ಅವನು ಕಾಫಿ ಲೋಟ ಕೆಳಗಿಟ್ಟ. ರಿಸೀವರನ್ನು ಈಸಿಕೊಂಡು ಕಿವಿಗಿಟ್ಟುಕೊಂಡ.

"ಅಣ್ಣ, ವಿಳಾಸ ಹುಡುಕೋದು ಕಷ್ಟ. ನೀನು ಬಸ್ ಸ್ಟಾಪ್ ಹತ್ರ ಇಳ್ಕೋ. ನಾನು ಬಂದು ಅಲ್ಲೇ ನಿಂತಿರ್ತೀನಿ."